ಬಲಗೋಲಿನ ಕಮಾನು

ಸವಣೂರಿನ ಕಮ್ಮಾರ ಹಯಾತಸಾಬನ ಸಿಟ್ಟಿಗೆ ಐದು ದಿನ ತುಂಬಿತ್ತು. ನಮಾಜಿಗೆ ಮೊಣಕಾಲೂರಿದರೆ ಅದೂ ಪಕ್ಕದಲ್ಲಿ ಬಂದು ಮೊಣಕಾಲೂರುತ್ತಿತ್ತು. ಕಳೆದ ಸಂತೆಯಲ್ಲಿ ಶಿಗ್ಗಾಂವಿಯ ಗೌಡಸಾನಿ ಹೊನ್ನವ್ವ ಹತ್ತೂರಿನ ಮಂದಿ ಕೇಳುವ ಹಾಗೆ, "ಹಯಾತಸಾಬ ನನ್ನ ಮೋಟಾರಿನ ಕಮಾನಿಗೆ ಚಕ್ಕಡಿ ಗಾಲಿಯ ಹಳೇ ಹಳಿ ಬಡದು ಹಾಕ್ಯಾನ. ಎಂಟ ದಿನಕ್ಕ ಕುಸದ ಕುಂತೈತಿ" ಎಂದುಬಿಟ್ಟಿದ್ದಳು. ಮರುದಿನವೇ ಹಾನಗಲ್ಲಿನ ಇಬ್ಬರು ಕೊಟ್ಟ ಕೆಲಸ ವಾಪಸು ಒಯ್ದರು. ಅಪ್ಪ ಫಕ್ರುಸಾಬ ನಲವತ್ತು ವರ್ಷ ಕುಲುಮೆಯ ಮುಂದೆ ಕೂತು ಗಳಿಸಿದ ಹೆಸರು ಒಂದೇ ಮಾತಿಗೆ ಸಂತೆಯ ಧೂಳಾಗಿತ್ತು.

ಹೊನ್ನವ್ವನ ಮೋಟಾರು ಹಿರೇಕೆರೂರಿನಿಂದ ಸವಣೂರಿನವರೆಗೆ ಮಂದಿಯನ್ನು ಹೇರಿಕೊಂಡು ಓಡಾಡುತ್ತಿತ್ತು. ಅದರ ಹಿಂದಿನ ಎರಡು ಕಮಾನು, ಅಂದರೆ ಗಾಲಿಯ ಮೇಲೆ ಭಾರ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟುಗಳನ್ನು, ಹಯಾತಸಾಬ ಹೊಸದಾಗಿ ಮಾಡಿ ಜೋಡಿಸಲು ಡ್ರೈವರ್ ಮಾಳಪ್ಪನ ಕೈಗೆ ಕೊಟ್ಟಿದ್ದ. ಡ್ರೈವರ್ ಯಾವಾಗಲೂ ಕೂರುವುದು ಬಲಕ್ಕೆ. ಅದಕ್ಕೇ ಆ ಬದಿಯ ಕಮಾನಿಗೆ ಬಾಗು ಹೆಚ್ಚು ಕೊಟ್ಟು, ಅದರ ಮೇಲೆ ಅಪ್ಪನ ಉಳಿಯಿಂದ ಚಂದ್ರನ ಗುರುತು ಹೊಡೆದಿದ್ದ.

ಆರನೆಯ ದಿನ ಬೆಳಿಗ್ಗೆ ಶಿಗ್ಗಾಂವಿಗೆ ನಡೆದೇ ಹೋದ. ಮನೆಯ ಮುಂದೆ ಮೋಟಾರು ಹಿಂಬದಿಯ ಬಲ ಮಗ್ಗಲು ಇಳಿಬಿಟ್ಟು ನಿಂತಿತ್ತು.

"ಬಂದೇನ ಹಯಾತಸಾಬ?" ಹೊನ್ನವ್ವ ಕಟ್ಟೆಯ ಮೇಲಿಂದಲೇ ಅಂದಳು. "ನೋಡ ಬಾ, ಕುಂಟ ಎಮ್ಮಿ ನಿಂತಂಗ ನಿಂತೈತಿ."

"ಗೌಡಸಾನ್ಯಾರ, ಹಳೇ ಹಳಿ ಅಂತ ತೋರಿಸಿದ್ರ ಇವತ್ತ ಕುಲುಮಿಗೆ ನೀರ ಸುರುವತೇನಿ. ಇಲ್ಲಂದ್ರ ಅದ ಸಂತ್ಯಾಗ, ಅಷ್ಟ ದನಿಲೆ, ನಿಮ್ಮ ಮಾತ ನೀವ ತಿರುಗಿ ತಗೋಬೇಕು."

"ತಗೋತೇನಿ ಬಿಡು. ನನ್ನ ದನಿಗೇನ ಬರ ಬಂದಿಲ್ಲ."

ಓಣಿ ಗಟಾರದ ಕಡೆಗೆ ಇಳಿಜಾರಾಗಿತ್ತು. ಮೋಟಾರನ್ನು ಮಾಳಪ್ಪನಿಂದಲೂ ಓಣಿಯವರಿಂದಲೂ ಕಣದ ಸಪಾಟು ನೆಲಕ್ಕೆ ತಳ್ಳಿಸಿದ. ಅಲ್ಲಿಯೂ ವಾಲಿತು. ಜೋಳದ ದಂಟು ಮುರಿದು ಎರಡೂ ಗಾಲಿಗಳ ಎತ್ತರ ಅಳೆದ. ಸಮ. ಗಾಳಿ ಸರಿಯಾಗಿದೆ. ಗಾಲಿಯ ನಡುವಿನಿಂದ ಮೈಯ ಅಂಚಿಗೆ ಅಳೆದರೆ ಬಲಕ್ಕೆ ಮೂರು ಬೆರಳು ಕಡಿಮೆ. ಕೊನೆಗೆ ಮೋಟಾರಿನ ಮೂತಿಯನ್ನು ಸರಿಯಾಗಿ ನಡುವಿನಲ್ಲಿ ಜ್ಯಾಕು ಕೊಟ್ಟು ಎತ್ತಿಸಿದ. ತಪ್ಪು ಮುಂದಿನ ಕಮಾನುಗಳದ್ದಾಗಿದ್ದರೆ ಈಗ ಹಿಂಭಾಗ ನೆಟ್ಟಗಾಗಬೇಕಿತ್ತು. ಆಗಲಿಲ್ಲ.

"ಮೂತಿ ಎತ್ತಿ ಏನ ನೋಡತಿ?" ಹೊನ್ನವ್ವ ನಕ್ಕಳು. "ಮೋಸ ಹಿಂದೈತಿ."

ಇನ್ನು ಉಳಿದದ್ದು ಅವನ ಕೈಯ ಕೆಲಸವೊಂದೇ. ಹಯಾತಸಾಬನ ಕಿವಿ ಕಾದ ಕಬ್ಬಿಣವಾಯಿತು. ಮೂತಿ ಕೆಳಗಿಳಿಸಿ, ಹಿಂದೆ ಬಂದು ಅಡಿಗೆ ತೂರಿದ. ಬಲದ ಕಮಾನಿನ ಕೆಸರು ಕೆರೆದ. ಏಳೂ ಪಟ್ಟಿ ಇದ್ದವು, ಒಂದರಲ್ಲೂ ಬಿರುಕಿಲ್ಲ. ಆದರೆ ಚಂದ್ರನಿಲ್ಲ. ತೆವಳಿಕೊಂಡು ಎಡಕ್ಕೆ ಹೋಗಿ ಕೆರೆದ. ಅಲ್ಲಿ ಚಂದ್ರ ಮೂಡಿದ.

"ಮಾಳ್ಯಾ!" ಅಡಿಯಿಂದಲೇ ಗುಡುಗಿದ. "ಚಂದ್ರ ಇರೂದನ್ನ ಎತ್ತಾಗ ಹಾಕ ಅಂದಿದ್ನೋ?"

"ಬಲಗೈ ಕಡೆ ಅಂದಿದ್ರಿ. ಬಲಗೈ ಕಡೆನ ಹಾಕೇನಿ."

"ಸುಳ್ಳ ಬೊಗಳಬ್ಯಾಡ!"

"ಬಸವಣ್ಣನ ಪಾದದಾಣಿ!"

ಮಾಳಪ್ಪ ದೈವಭಕ್ತ. ಸುಮ್ಮನೆ ಆಣೆ ಇಡುವವನಲ್ಲ. ಹಯಾತಸಾಬ ಹೊರಬಂದು ಅವನ ರಟ್ಟೆ ಹಿಡಿದ. "ಹೆಂಗ ಹಾಕಿದಿ, ಮಲಗಿ ತೋರಸ."

ಮಾಳಪ್ಪ ಮೋಟಾರಿನ ಹಿಂದೆ ಅಂಗಾತ ಮಲಗಿ, ತಲೆ ಮುಂದಾಗಿ ಅಡಿಗೆ ಸರಿದ. ಎರಡು ಕಾಲು ಮಾತ್ರ ಹೊರಗೆ ಉಳಿದವು. "ಇಲ್ಲೆ ನೋಡ್ರಿ, ನನ್ನ ಬಲಗೈ!" ಎಂದು ಚಾಚಿದ. ಆ ಕೈ ಹೋಗಿ ಮುಟ್ಟಿದ್ದು ಮೋಟಾರಿನ ಎಡದ ಕಮಾನನ್ನು.

ಕಣದಲ್ಲಿದ್ದವರೆಲ್ಲ ಗೊಳ್ಳೆಂದರು. ಹಯಾತಸಾಬ ನಗಲಿಲ್ಲ.

"ಮೋಟಾರಿನ ಬಲ ಬ್ಯಾರೆ, ನಿನ್ನ ಬಲ ಬ್ಯಾರೆ ಏನೋ, ಎತ್ತಿನಂಥವನ!"

ಮಾಳಪ್ಪನಿಗೂ ಸಿಟ್ಟು ಬಂತು. "ಹದಿನೈದ ವರ್ಸ ಚಕ್ಕಡಿ ಹೊಡದೇನಿ. ಬಲಗೋಲಿಗೆ ಹಾಕ ಅಂದಿದ್ರ ಕಣ್ಣ ಮುಚ್ಚಿ ಹಾಕತಿದ್ದೆ. ನೊಗದ ಬಲಕ್ಕ ಹೂಡಿದ ಬಲಗೋಲಿನ ಎತ್ತು ನಾ ಮಲಗಿದ್ರೂ ಅಲ್ಲೇ, ಎದ್ರೂ ಅಲ್ಲೇ. ಕೈ ಹಂಗಲ್ಲರಿ, ನನ್ನ ಸಂಗಾಟ ತಿರಗತೈತಿ!"

ಹಯಾತಸಾಬ ಅಂಗೈಯ ಕೆಸರು ಒರೆಸಿಕೊಂಡ. ಕಮಾನು ಕೊಟ್ಟ ದಿನ ಬಲಗೋಲು ಎಂಬ ಮಾತೇ ಅವನ ನಾಲಿಗೆಯ ತುದಿಗೆ ಬಂದಿತ್ತು. ಮೋಟಾರಿಗೆ ಎತ್ತಿನ ಮಾತೇ ಎಂದು ತಾನೇ ಬಿಂಕದಿಂದ ನುಂಗಿದ್ದ. ಐದು ದಿನ ಹೊತ್ತು ತಂದ ಸಿಟ್ಟಿನಲ್ಲಿ ಒಂದು ಪಾಲು ಸದ್ದಿಲ್ಲದೆ ತಿರುಗಿ ಅವನ ಹೆಗಲನ್ನೇ ಏರಿತು. ದೇವರು ಹೀಗೂ ತೂಗುತ್ತಾನೆ.

ಆದರೆ ಹಳೇ ಹಳಿ ಎಂದ ಮಾತಿನ ಪಾಲು ಹಾಗೇ ಉಳಿದಿತ್ತು.

ಇಬ್ಬರೂ ಕೂಡಿ ಕಮಾನು ಬಿಚ್ಚಿ, ಅದಲುಬದಲು ಮಾಡಿ ಕಟ್ಟಿದರು. ಹೊತ್ತು ವಾಲುವಾಗ ಮಾಳಪ್ಪ ತನ್ನ ಜಾಗದಲ್ಲಿ ಕೂತ. ಜೋಳದ ದಂಟು ಎರಡೂ ಮಗ್ಗಲಿಗೆ ಸರಿಯಾಗಿ ತಾಗಿತು.

"ಆತಲ್ಲ, ಬಿಡು," ಹೊನ್ನವ್ವ ತಗ್ಗಿದ ದನಿಯಲ್ಲಿ ಅಂದಳು. "ಬಾ, ಚಾ ಕುಡಿ."

"ಸಂತಿ ಆದಮ್ಯಾಲೆ ಕುಡಿತೇನ್ರಿ."

ಸಂತೆಯ ದಿನ ಸವಣೂರಿನಲ್ಲಿ ಮೋಟಾರು ನೆಟ್ಟಗೆ ಬಂದು ನಿಂತಿತು. ಹೊನ್ನವ್ವ ಅದರ ಮೆಟ್ಟಿಲ ಮೇಲೆ ನಿಂತು, ಸೆರಗು ಸರಿಮಾಡಿಕೊಂಡು, "ಹಯಾತಸಾಬನ ಉಕ್ಕು ಚೊಕ್ಕ ಐತಿ! ಸೊಟ್ಟ ಇದ್ದದ್ದು ನನ್ನ ಮಾತು!" ಎಂದಳು.

ರಸ್ತೆಯಾಚೆಯ ಕುಲುಮೆಯಲ್ಲಿ ಸುತ್ತಿಗೆ ನಿಂತಿತು.

"ಸಂತಿ ಆ ತುದಿ ಎಲಿ ಮಾರಾವ್ರಿಗೆ ಕೇಳಲಿಲ್ಲರಿ, ಗೌಡಸಾನ್ಯಾರ!" ಹಯಾತಸಾಬ ಒಳಗಿನಿಂದಲೇ ಕೂಗಿದ.

ಹೊನ್ನವ್ವ ಆ ಕಡೆ ದುರುಗುಟ್ಟಿ ನೋಡಿದಳು. ಉಸಿರು ತುಂಬಿಕೊಂಡು, ಈ ಸಲ ಸಂತೆಯ ಎತ್ತುಗಳೆಲ್ಲ ಕತ್ತೆತ್ತುವ ಹಾಗೆ, ಮತ್ತೊಮ್ಮೆ ಅಂದಳು.