ಕತ್ತರಿ ಅಕ್ಕನ ಒಂದೇ ಗೆರೆ

ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ನಕ್ಷೆಯವನು ಎಂದೇ ಕರೆಯುತ್ತಿದ್ದರು. ಅವನು ಬರೆಯುತ್ತಿದ್ದುದು ಊರುಕೇರಿಯ ನಕ್ಷೆಯಲ್ಲ, ಮನುಷ್ಯರ ನಕ್ಷೆ. ‘ಕೆಲಸದಲ್ಲಿ ತೊಡಕಾದಾಗ ಯಾರನ್ನು ಕೇಳುತ್ತೀರಿ? ಐದು ಹೆಸರು ಬರೆಯಿರಿ’ ಎಂದು ಎಲ್ಲರಿಗೂ ಚೀಟಿ ಹಂಚಿದ್ದ. ತಾನೂ ಒಂದು ತುಂಬಿದ್ದ. ಒಬ್ಬೊಬ್ಬರಿಗೆ ಒಂದು ಚುಕ್ಕೆ. ಕೇಳುವವರಿಂದ ಹೇಳುವವರಿಗೆ ಒಂದು ಗೆರೆ. ಗೆರೆ ಹೆಚ್ಚು ಕೂಡಿದ ಚುಕ್ಕೆ ದಪ್ಪಗಾಗಿ ನಡುವೆ ಬಂದು ಕೂರುತ್ತಿತ್ತು, ಕೂಡದ್ದು ಅಂಚಿಗೆ ಸರಿಯುತ್ತಿತ್ತು. ಪತ್ರಿಕೆ ಕಾಗದ ಬಿಟ್ಟು ಫೋನಿನ ಪರದೆಗೆ ಹೋಗುವ ಹೊತ್ತು ಅದು. ಯಾರು ಬೇಕು, ಯಾರು ಬೇಡ ಎಂಬುದನ್ನು ಯಜಮಾನರು ಈ ನಕ್ಷೆ ನೋಡಿಯೇ ತೀರ್ಮಾನಿಸುವವರಿದ್ದರು.

ತೀರಾ ಅಂಚಿನಲ್ಲಿ, ಒಂದೇ ಗೆರೆಗೆ ಜೋತುಬಿದ್ದ ಚುಕ್ಕೆ ಕತ್ತರಿ ಅಕ್ಕನದು. ಮೂವತ್ತು ವರ್ಷದಿಂದ ಕೆಳಗಿನ ಕೋಣೆಯಲ್ಲಿ ಕೂತು, ದಿನದ ಸುದ್ದಿ ಕತ್ತರಿಸಿ, ಸುದ್ದಿಯಾದ ಒಬ್ಬೊಬ್ಬರ ಹೆಸರಿಗೂ ಒಂದು ಲಕೋಟೆ ಮಾಡಿ ಇಡುವವಳು. ಆ ಒಂದು ಗೆರೆಯೂ ಬಾಗಿಲು ಕಾಯುವವನದು.

ಯಜಮಾನರು ಆ ಚುಕ್ಕೆಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, “ಇವರನ್ನ ಈ ತಿಂಗಳ ಕೊನೆಗೆ ಕೆಲಸದಿಂದ ಬಿಡಿಸಿಬಿಡೋಣ” ಎಂದರು. ಆ ಚೀಟಿಯ ಪ್ರಶ್ನೆಯನ್ನೇ ನಕ್ಷೆಯವನು ಅವಳ ಬಾಗಿಲಲ್ಲಿ ನಿಂತು, ಓದಿ ತೋರಿಸಿ, ಸರಿಮಾಡಿಸಿಕೊಂಡಿದ್ದ. ತನ್ನ ಚೀಟಿ ತುಂಬುವಾಗ ಮಾತ್ರ ಸಂಪಾದಕರು, ಉಪಸಂಪಾದಕರು ಎಂದು ಮೇಲಿನ ಮಹಡಿಯವರನ್ನೇ ಸಾಲಾಗಿ ಬರೆದಿದ್ದ.

ಮರುದಿನ ಬೆಳಿಗ್ಗೆ ಅವಳ ಕೋಣೆಯೆದುರಿನ ಮೆಟ್ಟಿಲ ಮೇಲೆ ಕೂತ. ಒಬ್ಬರು ಹೋದರೆ ಇನ್ನೊಬ್ಬರು ಅವಳನ್ನು ಕೇಳಲು ಬರುತ್ತಿದ್ದರು.

“ಅಕ್ಕಾ, ಈ ಫೋಟೊದಲ್ಲಿರೋದು ಅಣ್ಣನಾ ತಮ್ಮನಾ?” ಎಂದ ಅಪರಾಧ ವರದಿಗಾರ.

“ತಮ್ಮ. ಅಣ್ಣ ತೀರಿಹೋಗಿ ನಾಲ್ಕು ವರ್ಷ ಆಯ್ತು.”

“ನೀವಿಲ್ದಿದ್ರೆ ಸತ್ತೋರನ್ನ ಬದುಕಿಸಿಬಿಡ್ತಿದ್ದೆ.”

“ಬದುಕಿಸಿದ್ರೆ ಪರವಾಗಿಲ್ಲಪ್ಪ. ನೀನು ಬದುಕಿರೋರನ್ನ ಸಾಯಿಸ್ತೀಯಲ್ಲ, ಅದೇ ಕಷ್ಟ.”

ಮಧ್ಯಾಹ್ನದೊಳಗೆ ಇಪ್ಪತ್ತಮೂರು ಜನ. ನಕ್ಷೆಯವನು ನೇರ ಯಜಮಾನರ ಬಳಿಗೆ ಹೋದ.

“ನಕ್ಷೆ ತಪ್ಪಾಗಿದೆ ಸರ್. ಜನ ಕೇಳೋದು ಅವರನ್ನ, ಬರೆಯೋದು ದೊಡ್ಡವರ ಹೆಸರನ್ನ.”

“ಜನ ಅಂದ್ರೆ ಯಾರಯ್ಯಾ?”

“ಎಲ್ಲರೂ ಸರ್.”

ಆ ಎಲ್ಲರಲ್ಲಿ ತಾನೂ ಒಬ್ಬ ಎಂಬ ಮಾತು ನಾಲಿಗೆಯ ತುದಿವರೆಗೆ ಬಂದು ಅಲ್ಲೇ ಕೂತಿತು. ಯಜಮಾನರು ರಬ್ಬರು ಹುಡುಕಿ, ಸುತ್ತನ್ನು ಅಳಿಸಿದರು. ಕೆಲಸ ಉಳಿಯಿತು.

ಸಂಜೆ ಅವಳೇ ಮೆಟ್ಟಿಲು ಹತ್ತಿ ಬಂದಳು. ಮಂಡಿನೋವಿನವಳು ಮೇಲೆ ಬರುತ್ತಿದ್ದುದೇ ಅಪರೂಪ. ಅವನ ಮೇಜಿಗೆ ಕೈಯೂರಿ ಉಸಿರು ತಿರುಗಿಸಿಕೊಂಡಳು.

“ಯಜಮಾನರು ಎಲ್ಲಾ ಹೇಳಿದ್ರು. ನನ್ನ ಪಾಲಿಗೆ ಒಂದೇ ಗೆರೆಯಂತೆ. ಅದು ಯಾರದು ಅಂತ ಅವರೇನೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ನಿನ್ನದೇ ಅಂತ ಗೊತ್ತಾಯ್ತು. ನಿನ್ನ ಹೆತ್ತ ಹೊಟ್ಟೆ ತಣ್ಣಗಿರಲಿ.”

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಅವಳು ತಿರುಗಿ ಎರಡು ಹೆಜ್ಜೆ ಹೋದ ಮೇಲೆ, ಆ ಹಾರೈಕೆ ಹೊತ್ತು ಮನೆಗೆ ಹೇಗೆ ಹೋಗುವುದು ಎಂದು ಅವನು ಎದ್ದು ನಿಂತ.

“ಅಕ್ಕಾ, ಆ ಗೆರೆ ಬಾಗಿಲು ಕಾಯೋನದು. ನಾನು ನಿಮ್ಮ ಹೆಸರು ಬರೆದಿರ್ಲಿಲ್ಲ.”

ಅವಳು ನಿಂತಳು. “ಯಾಕೆ?”

“ನಾಚಿಕೆ ಆಯ್ತು. ಕೆಳಗಿನ ಕೋಣೆಗೆ ಹೋಗಿ ಕೇಳ್ತಾನೆ ಅಂತ ಮೇಲಿನೋರು ಅಂದ್ಕೊಂಡ್ರೆ ಅಂತ.”

“ಕೇಳೋವಾಗ ಆಗದ ನಾಚಿಕೆ ಬರೆಯೋವಾಗ ಆಯ್ತಾ?”

ಕೂಗಾಡಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವಳು ಕೂಗಾಡಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ವಾರ ಕಳೆದು, ಬೇರೆ ದಾರಿಯಿಲ್ಲದೆ, ಅವನು ಮತ್ತೆ ಏನನ್ನೋ ಕೇಳಲು ಅವಳ ಬಾಗಿಲಿಗೆ ಹೋದ. ಅವಳು ಲಕೋಟೆ ತೆಗೆದು ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದಳು. ಕೊನೆಗೆ, “ಇನ್ನೇನಾದ್ರೂ ಬೇಕಿತ್ತಾ ನಿಮಗೆ?” ಎಂದಳು.

ಇಷ್ಟು ವರ್ಷದಲ್ಲಿ ಅವಳು ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.