ಗುಟ್ಟಿನ ಗಿರಾಕಿಯ ಅತ್ತೆ

ಯಲ್ಲಮ್ಮನಿಗೆ ಅನುಮಾನವೆಂದರೆ ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ, ಇಲ್ಲದಿದ್ದರೆ ದಿನ ರುಚಿಸುವುದಿಲ್ಲ. ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡುವವಳು, ತರಕಾರಿಯವನ ತಕ್ಕಡಿಯನ್ನು ಮೊದಲು ಖಾಲಿ ಎತ್ತಿಸಿ ನೋಡುವವಳು. ಅಂಥವಳ ಮುಂದೆ ಸೊಸೆ ಭುವನಾ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ತನಗೊಂದು ಕೆಲಸ ಸಿಕ್ಕಿದೆ ಎಂದಳು. ಅಂಗಡಿಗೆ ಗಿರಾಕಿಯ ಹಾಗೆ ಹೋಗಬೇಕು, ಏನಾದರೂ ಕೊಳ್ಳಬೇಕು, ಅಲ್ಲಿಯವರು ಹೇಗೆ ನಡೆದುಕೊಂಡರು ಎಂದು ಕಂಪನಿಗೆ ಬರೆದು ಕಳಿಸಬೇಕು, ಅಷ್ಟೇ.

"ಕೊಂಡಿದ್ದಕ್ಕೆ ದುಡ್ಡು ಯಾರಪ್ಪಂದು?"

"ಅವರೇ ಕೊಡ್ತಾರೆ ಅತ್ತೆ. ಮೇಲೆ ಕೂಲಿನೂ ಕೊಡ್ತಾರೆ."

"ಅಂಗಡಿಯೋರಿಗೆ ಗೊತ್ತಿರುತ್ತಾ?"

"ಗೊತ್ತಾಗಬಾರ್ದು. ಅದಕ್ಕೇ ಅದನ್ನ ಮಿಸ್ಟರಿ ಶಾಪಿಂಗ್ ಅನ್ನೋದು."

ಯಲ್ಲಮ್ಮ ತಟ್ಟೆ ಸರಿಸಿಬಿಟ್ಟಳು. "ಯಾರಿಗೂ ಹೇಳಬಾರ್ದು ಅನ್ನೋ ಕೆಲ್ಸ ಮಾನವಂತರದ್ದೇನೇ? ಪುಕ್ಕಟೆ ಬಟ್ಟೆ ಕೊಡ್ಸೋಕೆ ಅವನೇನು ನಿನ್ನ ತವರಿನ ಅಣ್ಣನಾ?"

ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೊರಟಿದ್ದ ಮಗ ಶಿವಕುಮಾರ್ ಫೋನು ಇಸಿದುಕೊಂಡು ಎಲ್ಲವನ್ನೂ ಓದಿದ. ಪಕ್ಕದ ಬೀದಿಯ ತಿಮ್ಮೇಶ್ ಇಂಥದೇ ಒಂದು ಕೆಲಸಕ್ಕೆ ನೋಂದಣಿ ಎಂದು ದುಡ್ಡು ಕಟ್ಟಿ ಕೈ ಸುಟ್ಟುಕೊಂಡಿದ್ದು ಅವನಿಗೂ ಗೊತ್ತಿತ್ತು. "ಇವರು ಮುಂಚೆ ದುಡ್ಡು ಕೇಳಿಲ್ಲ, ಓಟಿಪಿ ಕೇಳಿಲ್ಲ. ಒಂದ್ಸಲ ಮಾಡಿ ನೋಡ್ಲಿ ಬಿಡವ್ವ," ಎಂದ.

"ಮೊದ್ಲು ಕಾಳು ಚೆಲ್ತಾರೆ ಕಣೋ, ಬಲೆ ಆಮೇಲೆ," ಎಂದಳು ಯಲ್ಲಮ್ಮ. ಮನೆಯ ಮಾನ ಹೋಗುವುದೇ ಆದರೆ ತನ್ನ ಕಣ್ಣೆದುರಿಗೇ ಹೋಗಲಿ ಎಂದು ಸೊಸೆಯ ಜೊತೆ ತಾನೂ ಬಸ್ಸು ಹತ್ತಿದಳು.

ಕೆಲಸವಿದ್ದದ್ದು ತರೀಕೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ. ಗಾಜಿನ ಬಾಗಿಲು, ಒಳಗೆ ತಣ್ಣನೆ ಗಾಳಿ, ಊರೂರಿಗೂ ಇದೇ ಹೆಸರಿನ ಅಂಗಡಿ. ಎಲ್ಲರ ಹಾಗೆ ಸಹಜವಾಗಿರಿ ಎಂದು ಭುವನಾ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು. ಯಲ್ಲಮ್ಮನ ಸಹಜ ಎಂದರೆ ಏನು? ಒಳಗೆ ಕಾಲಿಟ್ಟವಳೇ ಬಾಗಿಲ ಹತ್ತಿರ ನಿಲ್ಲಿಸಿದ್ದ ಗೊಂಬೆಯ ಸೀರೆಯನ್ನು ತಿರುಗಿಸಿ, ಹಿಂದೆ ಹರಿದಿದೆಯೋ ಎಂದು ನೋಡಿದಳು.

ತಲೆಗೆ ದುಪಟ್ಟಾ ಹೊದ್ದ ಒಬ್ಬ ಹುಡುಗಿ ಕುರ್ಚಿ ತಂದಿಟ್ಟು, "ಕೂತ್ಕೊಳ್ಳಿ ಅಜ್ಜಿ. ಯಾವೂರು?" ಎಂದಳು. ಎದೆಯ ಬಿಲ್ಲೆಯ ಮೇಲೆ ಫಿಜಾ ಎಂದು ಹೆಸರಿತ್ತು. ಭುವನಾ ಅತ್ತೆಯ ಸೆರಗು ಜಗ್ಗಿದಳು. ಆದರೆ ಯಾವೂರು ಎಂದು ಕೇಳಿದ ಮೇಲೆ ಬಾಯಿ ಹೊಲಿದುಕೊಂಡು ಕೂರುವುದು ಯಲ್ಲಮ್ಮನಿಂದ ಆಗದ ಮಾತು.

"ಇರೋದು ಕಡೂರು. ನಮ್ಮೂರು ಸಿಂಗಟಗೆರೆ."

ಹುಡುಗಿಯ ಮುಖ ಅರಳಿತು. "ಸಿಂಗಟಗೆರೆನಾ! ನಮ್ಮ ಅಬ್ಬಾ ದಾವೂದ್ ಸಾಬ್ ಅಂತ, ಅಜ್ಜಂಪುರದಲ್ಲಿ ಹಾಸಿಗೆ ಅಂಗಡಿ. ಮುಂಚೆ ನಿಮ್ಮೂರಿಗೆ ಬಂದು ಮನೆಮನೇಲೂ ಹತ್ತಿ ಹಿಂಜ್ತಿದ್ರು. ಅಲ್ಲಿ ಒಂದಿನಾನೂ ಹಸ್ಕೊಂಡು ಮಲಗಿಲ್ಲ ಅಂತ ಇವತ್ತಿಗೂ ಹೇಳ್ತಾರೆ."

ನಯವಾದ ಮಾತು ಕೇಳಿದಷ್ಟೂ ಯಲ್ಲಮ್ಮನ ಕಿವಿ ನೆಟ್ಟಗಾಗುತ್ತದೆ. ಇವಳು ಏನೋ ತಲೆಗೆ ಕಟ್ಟುವ ಹಂಚಿಕೆಯಲ್ಲಿದ್ದಾಳೆ ಎಂದುಕೊಂಡಳು. ಭುವನಾ ಒಂದು ನೈಟಿ ಆರಿಸಿ ಬಿಲ್ಲು ಮಾಡಿಸಿದಳು. ಅಲ್ಲಿಗೆ ಕಂಪನಿಯ ಕೆಲಸ ಮುಗಿದಿತ್ತು.

ಯಲ್ಲಮ್ಮನದು ಮುಗಿದಿರಲಿಲ್ಲ. ಊರಿನಲ್ಲಿ ಅಕ್ಕ ಕಾಮಾಕ್ಷಮ್ಮ ಸೊಂಟ ಮುರಿದುಕೊಂಡು ಮಲಗಿದ್ದಳು. ಅವಳ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಬೇರೆಯವರು ಆರಿಸಿದ ಸೀರೆ ಉಟ್ಟ ಜನ್ಮವಲ್ಲ ಅವಳದು. ಹಿಂದೆ ಇಂಥ ಸಂದರ್ಭಕ್ಕೆ ಜವಳಿ ಅಂಗಡಿಯವರು ನಾಲ್ಕಾರು ಸೀರೆ ಗಂಟು ಕಟ್ಟಿ ಕೊಡುತ್ತಿದ್ದರು, ಮನೆಯ ಹೆಂಗಸರು ನೋಡಿ ಬೇಕಾದ್ದು ಇಟ್ಟುಕೊಂಡು ಉಳಿದದ್ದು ಹಿಂದಕ್ಕೆ ಕಳಿಸುತ್ತಿದ್ದರು. ಹುಡುಗಿಯ ನಯ ಎಷ್ಟು ದೂರ ಹೋಗುತ್ತದೋ ನೋಡೋಣ ಎಂದು ಯಲ್ಲಮ್ಮ ಕೇಳಿಯೇಬಿಟ್ಟಳು.

"ಮೂರು ಸೀರೆ ಕೊಡವ್ವ, ಹಾಸಿಗೆ ಹಿಡಿದಿರೋ ನಮ್ಮಕ್ಕಂಗೆ ತೋರಿಸ್ಕೊಂಡು ಬತ್ತೀವಿ."

"ಇಲ್ಲಿ ಹಂಗೆ ಕೊಡಂಗಿಲ್ಲ ಅಜ್ಜಿ," ಎಂದಳು ಫಿಜಾ. ಸೀರೆ ಮಡಿಸುತ್ತಾ ಮಡಿಸುತ್ತಾ ಕೈ ನಿಧಾನವಾಯಿತು. "ಅವರಿಗೆ ಎದ್ದು ಬರೋಕೇ ಆಗಲ್ವಾ?"

"ಮಗ್ಗಲು ತಿರುಗಿಸೋಕೂ ಇನ್ನೊಬ್ಬರು ಬೇಕು."

ಫಿಜಾ ಆಚೆ ಈಚೆ ನೋಡಿ ಮೂರೂ ಸೀರೆಗಳನ್ನು ಚೀಲಕ್ಕಿಟ್ಟಳು. "ನನ್ನ ಜವಾಬ್ದಾರಿ ಮೇಲೆ ಕೊಡ್ತಿದೀನಿ. ಶನಿವಾರದೊಳಗೆ ತಂದ್ಬಿಡಿ ಅಜ್ಜಿ, ಇಲ್ಲಾಂದ್ರೆ ನನ್ನ ಕೆಲ್ಸಕ್ಕೇ ಕುತ್ತು ಬರುತ್ತೆ."

ಬಸ್ಸಿನಲ್ಲಿ ಯಲ್ಲಮ್ಮ ಮೂರನ್ನೂ ಬಿಚ್ಚಿ ಬೆಳಕಿಗೆ ಹಿಡಿದಳು. ಒಂದು ಎಳೆ ಕಿತ್ತಿರಲಿಲ್ಲ, ಒಂದು ಕಲೆಯಿರಲಿಲ್ಲ. ಅವಳಿಗೆ ನಿರಾಸೆಯೇ ಆಯಿತೆನ್ನಬೇಕು.

ಅಂದು ಸಂಜೆ ಭುವನಾ ಫೋನು ಹಿಡಿದು ಕೂತಳು. ಅಂಗಡಿ ಚೊಕ್ಕಟವೇ, ನಗುಮುಖದಿಂದ ಮಾತಾಡಿಸಿದರೇ ಎಂದೆಲ್ಲ ಕೇಳಿ, ಕಡೆಗೆ ಕೆಲಸಗಾರರ ಬಗ್ಗೆ ವಿಶೇಷವೇನಾದರೂ ಇದ್ದರೆ ಬರೆಯಿರಿ ಎಂದಿತ್ತು. ಭುವನಾ ಮನಸ್ಸು ಬಿಚ್ಚಿ ಬರೆದಳು. ಗುರುತು ಪರಿಚಯವಿಲ್ಲದ ತಮ್ಮನ್ನು ನಂಬಿ ಬಿಲ್ಲಿಲ್ಲದೆ ಸೀರೆ ಕೊಟ್ಟು ಕಳಿಸಿದ ಹುಡುಗಿಯ ಬಗ್ಗೆ ಇನ್ನೇನು ಬರೆಯುವುದು? ಓದಿಸಿ ಕೇಳಿದ ಯಲ್ಲಮ್ಮ, "ಒಳ್ಳೆ ಮನೆತನದೋಳು ಅಂತನೂ ಸೇರ್ಸು, ಸಂಬಳ ಹೆಚ್ಚು ಮಾಡ್ಲಿ," ಎಂದಳು.

ದುಡ್ಡು ಬಂತು. ಹೇಳಿದ ದಿನಕ್ಕಿಂತ ಮೊದಲೇ ಬಂತು. ನಿಮ್ಮ ವರದಿಯಿಂದ ಬಹಳ ಉಪಯೋಗವಾಯಿತು, ಇನ್ನು ಮುಂದೆಯೂ ನಿಮಗೇ ಕೆಲಸ ಕೊಡುತ್ತೇವೆ ಎಂಬ ಸಂದೇಶವೂ ಬಂತು. ಯಲ್ಲಮ್ಮ ಬದುಕಿನಲ್ಲಿ ಅಪರೂಪಕ್ಕೆ ಸೋಲೊಪ್ಪಿಕೊಂಡಳು. "ನಿಜವಾದ ಕಂಪನಿನೇ ಕಣೇ. ನಾನೇ ಸುಮ್ನೆ ಬಾಯಿ ಮಾಡ್ದೆ."

ಕಾಮಾಕ್ಷಮ್ಮ ಹಸಿರು ಅಂಚಿನದನ್ನು ಇಟ್ಟುಕೊಂಡಳು. ಉಳಿದೆರಡನ್ನು ಹಿಂದಿರುಗಿಸಿ ದುಡ್ಡು ಕೊಟ್ಟು ಬರಲು ಅತ್ತೆ ಸೊಸೆ ಶುಕ್ರವಾರವೇ ತರೀಕೆರೆಗೆ ಹೋದರು. ಸೀರೆಗಳ ಮುಂದೆ ಬೇರೆ ಹುಡುಗಿ ನಿಂತಿದ್ದಳು.

"ಫಿಜಾ ಎಲ್ಲವ್ವಾ?"

ಹುಡುಗಿ ದನಿ ತಗ್ಗಿಸಿದಳು. "ಕೆಲ್ಸದಿಂದ ತೆಗೆದ್ರು. ಬಿಲ್ಲಿಲ್ದೆ ಸೀರೆ ಸಾಗಿಸಿದ್ಲಂತೆ. ಯಾರೋ ಗಿರಾಕಿ ವೇಷದಲ್ಲಿ ಬಂದು ನೋಡ್ಕೊಂಡು ಹೋಗಿ ಬರೆದ್ಬಿಟ್ಟವ್ರೆ."

ಯಲ್ಲಮ್ಮ ಸೀದಾ ಒಳಗೆ ನಡೆದಳು. ಮ್ಯಾನೇಜರನ ಮೇಜಿನ ಮೇಲೆ ಸೀರೆಗಳನ್ನು ಕುಕ್ಕಿ, "ತಂದು ಕೊಟ್ಟಿದೀವಲ್ಲಪ್ಪಾ, ಇದು ಹೆಂಗೆ ಕಳ್ಳತನ ಆಯ್ತು?" ಎಂದು ಕೂಗಿದಳು. ಅವನು ಸೀರೆ ಎಣಿಸಿಕೊಂಡು, ದುಡ್ಡು ಪಡೆದು, ಬಿಲ್ಲು ಕೊಟ್ಟ. "ರೂಲ್ಸು ಅಂದ್ರೆ ರೂಲ್ಸು ಅಮ್ಮ. ತೀರ್ಮಾನ ಮೇಲಿಂದ ಬಂದಿದ್ದು." ಭುವನಾ ಹೊರಗೆ ಬಂದು ಕಂಬಕ್ಕೊರಗಿ ಅತ್ತಳು. ಯಲ್ಲಮ್ಮ ಸಮಾಧಾನ ಮಾಡಲಿಲ್ಲ. ಅಜ್ಜಂಪುರದ ಬಸ್ಸು ಎಲ್ಲಿ ನಿಲ್ಲುತ್ತದೆಂದು ವಿಚಾರಿಸಿದಳು.

ದಾವೂದ್ ಸಾಬರ ಹಾಸಿಗೆ ಅಂಗಡಿ ಮೊದಲು ಕೇಳಿದವನಿಗೇ ಗೊತ್ತಿತ್ತು. ಮುದುಕರು ಗೋಡೆಯ ಕಡೆ ಮುಖ ಮಾಡಿ ಹಾಸಿಗೆ ಹೊಲಿಯುತ್ತಿದ್ದರು, ಬಂದವರನ್ನು ತಿರುಗಿಯೂ ನೋಡಲಿಲ್ಲ. ಹಿಂದಿನ ಮನೆಯಿಂದ ಫಿಜಾ ಬಂದಳು. ಕಣ್ಣು ಊದಿತ್ತು.

"ಸೀರೆ ಕೊಟ್ರಾ ಅಜ್ಜಿ?"

"ಕೊಟ್ವಿ ಕಣವ್ವ."

"ನಂಗೊತ್ತಿತ್ತು ನೀವು ಕೊಡ್ತೀರ ಅಂತ." ಅವಳು ಅಪ್ಪನ ಬೆನ್ನಿನ ಕಡೆ ನೋಡಿದಳು. "ಬೀದಿಯವರೆಲ್ಲ ಕದ್ದಳು ಅಂತವ್ರೆ. ಕೆಲ್ಸ ಹೋದ್ರೆ ಹೋಗ್ಲಿ ಅಜ್ಜಿ. ಅಬ್ಬಾ ಬಯ್ಯೋದೂ ಇಲ್ಲ, ಮಾತಾಡೋದೂ ಇಲ್ಲ. ನಾನು ಹೇಳಿದ್ದು ನಂಬಿದ್ರೋ ಇಲ್ವೋ ಅದೂ ಗೊತ್ತಾಗ್ತಿಲ್ಲ. ಅವತ್ತೊಬ್ಬ ಕನ್ನಡಕದವನು ಬಂದಿದ್ದ, ನನ್ನನ್ನೇ ನೋಡ್ತಿದ್ದ. ಬರೆದವನು ಅವನೇ ಇರಬೇಕು."

ಕನ್ನಡಕದವನ ತಲೆಗೆ ಕಟ್ಟಿ ಎದ್ದು ಬರಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಕಂಪನಿಯೂ ಹೇಳಬಾರದೆಂದೇ ಹೇಳಿತ್ತು. ಯಲ್ಲಮ್ಮ ಫಿಜಾಳ ಹತ್ತಿರ ಸರಿದಳು.

"ಅವನಲ್ಲ ಕಣವ್ವ. ನಾವೇ."

ಸೂಜಿ ನಿಂತಿತು. ಫಿಜಾ ಇಬ್ಬರ ಮುಖವನ್ನೂ ನೋಡಿದಳು.

"ಒಳ್ಳೇದೇ ಬರೆದಿದ್ದೆ," ಎಂದಳು ಭುವನಾ, ಅಳುತ್ತಾ. "ದೇವರಾಣೆ, ನಿಂಗೆ ಒಳ್ಳೇದಾಗ್ಲಿ ಅಂತ ಬರೆದಿದ್ದು."

"ನನ್ನ ಅನ್ನ ಕಿತ್ಕೊಂಡ್ರಲ್ಲ ಅಕ್ಕ," ಎಂದಳು ಫಿಜಾ. ಆಮೇಲೆ ಅವಳೇ ಕೇಳಿದಳು. "ಏನಂತ ಬರೆದಿದ್ರಿ?"

ಭುವನಾ ಫೋನು ತೆಗೆದಳು. "'ನಾವು ಯಾರೆಂದು ಆ ಹುಡುಗಿಗೆ ಗೊತ್ತಿರಲಿಲ್ಲ. ಹಾಸಿಗೆ ಹಿಡಿದವರು ಆರಿಸಲಿ ಎಂದು ತನ್ನ ಜವಾಬ್ದಾರಿಯ ಮೇಲೆ ಸೀರೆ ಕೊಟ್ಟಳು. ಒಳ್ಳೆಯ ಮನೆತನದವಳು...'"

"ಇಷ್ಟು ಮೆತ್ತಗೆ ಬೇಡ," ಎಂದಳು ಫಿಜಾ. "ಮೊದಲಿಂದ ಓದಿ. ಅಬ್ಬಾಗೆ ಕೇಳಿಸೋ ಹಂಗೆ ಓದಿ."

ಭುವನಾ ಕಣ್ಣೊರೆಸಿಕೊಂಡು ದನಿಯೆತ್ತಿ ಮತ್ತೆ ಓದತೊಡಗಿದಳು. ದಾವೂದ್ ಸಾಬರು ಸೂಜಿಯನ್ನು ಹಾಸಿಗೆಗೆ ಚುಚ್ಚಿಟ್ಟು, ಮಗಳ ಕಡೆ ತಿರುಗಿ ಕುಳಿತರು.