ನೆತ್ತಿಯ ಬಾಣಗಳು

ಬಾಣಗಳೆಲ್ಲ ನೆತ್ತಿಗೆ ಬಂದು ದಾರಿ ತಪ್ಪಿ ಗಿರಗಿರ ಸುತ್ತುತ್ತಿವೆ, ಕಂಪ್ಯೂಟರ್ ಪರದೆಯ ಮೇಲಿನ ಮಕ್ಕಳ ಹೆಲ್ಮೆಟ್ಟಿನ ತುತ್ತತುದಿಯಲ್ಲಿ, ಚಿಪ್ಪಿನ ಕಾರ್ಬನ್ ನೂಲು ಎತ್ತ ಓಡುತ್ತದೆ ಎಂದು, ಲೆಕ್ಕಕ್ಕಾಗಿ ಗೀಟೆಳೆದ ಒಂದೊಂದು ಚೌಕಕ್ಕೂ ಹೇಳಬೇಕಾದ ಬಾಣಗಳು, ಅವಕ್ಕೇ ದಿಕ್ಕಿಲ್ಲ — ಬೆಳಿಗ್ಗೆ ಮಗಳ ತಲೆ ಬಾಚುವಾಗ ಬಾಚಣಿಗೆ ನಿಂತದ್ದೂ ಅಲ್ಲೇ, ಸುಳಿಯಲ್ಲಿ, ಅಮ್ಮಾ ಎಳೀಬೇಡ ನೋಯುತ್ತೆ, ಎಳೀತಿಲ್ಲ ಕಣೇ ನೆಟ್ಟಗೆ ಕೂತ್ಕೋ, ಎತ್ತ ಬಾಚಿದರೂ ಎದ್ದು ನಿಲ್ಲುವ ಆ ನಾಲ್ಕು ಕೂದಲು, ನಡುವೆ ಗುಂಡುಸೂಜಿಯ ತಲೆಯಷ್ಟು ಬಿಳಿ ಚರ್ಮ. ಮಗಳಿಗೆ ಒಂದೇ ಸುಳಿ, ಪರದೆಯ ಮುಂದೆ ಕೂತ ಇವಳಿಗೆ ಎರಡು, ಇವಳಮ್ಮ ಬಾಚಣಿಗೆಯಿಂದಲೇ ಮೊಟಕುತ್ತಿದ್ದಳು, ಎರಡು ಸುಳಿಯೋಳು, ಹಟಮಾರಿ, ನಿನ್ನ ಜೊತೆ ಏಗೋರು ಯಾರೇ — ಏಗಲಿ, ಎಲ್ಲರೂ ಏಗಲಿ, ಇವತ್ತು ಆಯ್ತಾ ಸಾರ್ ಕೂಡ ಸ್ವಲ್ಪ ಏಗಲಿ.

ಆಯ್ತಾ ಸಾರ್ ಎಂದರೆ ಇವಳ ಮೇಲಧಿಕಾರಿ, ಹೆಸರು ಹಿಡಿದು ಕರೆಯುವವರೇ ಇಲ್ಲ, ದಿನವಿಡೀ ಬಾಗಿಲಲ್ಲಿ ತಲೆ ತೂರಿಸಿ ಆಯ್ತಾ ಎನ್ನುವ ಮನುಷ್ಯ, ಈಗಲೂ ಬಂದು ಕುರ್ಚಿಯ ಹಿಂದೆ ನಿಂತಿದ್ದಾರೆ, ಆಯ್ತಾ? ಇಲ್ಲ ಸಾರ್. ಯಾಕಮ್ಮ, ನಿನ್ನೆ ಎಲ್ಲಾ ನೀಲಿ ಇತ್ತಲ್ಲ? ಇತ್ತು, ನೀಲಿ ಎಂದರೆ ಕ್ಷೇಮ, ಕೆಂಪು ಎಂದರೆ ಬಿರುಕು, ನಿನ್ನೆ ಕಣ್ಣಿಗೆ ಹಬ್ಬವಾಗುವಷ್ಟು ನೀಲಿ, ಯಾಕೆಂದರೆ ಬಿದ್ದರೆ ಚಿಪ್ಪು ಪೆಟ್ಟು ತಾಳುತ್ತದೋ ಎಂಬ ನಿನ್ನೆಯ ಲೆಕ್ಕದಲ್ಲಿ ನೂಲು ತಲೆಯ ಸುತ್ತ ಬಳೆ ಬಳೆಯಾಗಿ ಓಡುತ್ತಿತ್ತು, ಹಾಗೆ ದಿಕ್ಕು ಕೊಟ್ಟು ಕೈ ತೊಳೆದುಕೊಂಡವರು ಇದೇ ಸಾರ್ — ಕೆಳಗಿನ ಶೆಡ್ಡಿನಲ್ಲಿ ಬಟ್ಟೆ ಹಾಸುವುದು ಹಾಗಲ್ಲವಲ್ಲ, ಹಣೆಯಿಂದ ಹಿಂದಲೆಗೆ, ನೇರ, ಅಚ್ಚಿನ ಮೇಲೆ ಕಪ್ಪು ಕಾರ್ಬನ್ ಬಟ್ಟೆ, ಅಂಟಿನ ವಾಸನೆಗೆ ಕೆಮ್ಮು ಬರುತ್ತೆ, ಇವಳು ನಿಂತು ಕಣ್ಣಾರೆ ನೋಡಿದ್ದಾಳೆ, ನೂಲಿನ ಉದ್ದಕ್ಕೆ ಎಳೆದರೆ ಜಪ್ಪಯ್ಯ ಅಂದರೂ ಹರಿಯದು, ಅಡ್ಡಕ್ಕೆ ಎಳೆದರೆ ಪರ್ರನೆ ಬಿಟ್ಟುಕೊಳ್ಳುತ್ತೆ, ಚಪ್ಪಟೆ ಹಲಗೆಯಾಗಿದ್ದರೆ ಒಂದೇ ಬಾಣ ಸಾಕಿತ್ತು, ಇದು ಬಾಗಿದ ಚಿಪ್ಪು, ಪ್ರತಿ ಚೌಕವೂ ಒಂದೊಂದು ಕಡೆ ಮುಖ ಮಾಡಿ ಕೂತಿದೆ, ಪ್ರತಿಯೊಂದಕ್ಕೂ ಹಣೆ ಎತ್ತ ಹಿಂದಲೆ ಎತ್ತ ಎಂದು ಹೇಳಿಕೊಡಬೇಕು, ಇವಳು ಹೇಳಿಕೊಟ್ಟಳು, ಗುಂಡಿ ಒತ್ತಿದಳು, ಸುತ್ತುತ್ತಿದ್ದ ಬಾಣಗಳು ಬಾಚಿದ ಕೂದಲ ಹಾಗೆ ಸಾಲಾಗಿ ಹಿಂದಕ್ಕೆ ಮಲಗಿದವು, ಲೆಕ್ಕ ಓಡಿತು — ನೆತ್ತಿಯಲ್ಲಿ ಕೆಂಪು.

ಅಷ್ಟೇನಾ, ಒಂದು ಚುಕ್ಕೆ, ನಿನ್ನೇದನ್ನೇ ಕಳ್ಸಿಬಿಡಮ್ಮ, ಹೆಲ್ಮೆಟ್ ಮಾಡಿಸೋ ಕಂಪನಿಯವ್ರು ಕಾಯ್ತಿದ್ದಾರೆ, ಯಾವ ಮಗು ನೆಟ್ಟಗೆ ನೆತ್ತಿ ಮೇಲೆ ಬೀಳುತ್ತೆ ಹೇಳು? ಸಾರ್ ಅವರ ಬೋಳು ನೆತ್ತಿಯ ಮೇಲೆ ಟ್ಯೂಬ್‌ಲೈಟು ಹೊಳೆಯುತ್ತಿದೆ, ನಗು ಬರುತ್ತದೆ, ನಗುವ ಹೊತ್ತಲ್ಲ, ಇನ್ನೊಂದು ಪದರ ಹಾಸಿದ್ರೆ ಸರಿಹೋಗುತ್ತೆ ಸಾರ್, ಅಡ್ಡಕ್ಕೆ, ಕಿವಿಯಿಂದ ಕಿವಿಗೆ. ತೂಕ ಜಾಸ್ತಿಯಾಗುತ್ತಮ್ಮ, ಅವ್ರು ಒಪ್ಪಲ್ಲ. ಹಾಗಾದ್ರೆ ನೀಲಿ ಚಿತ್ರದ ಕೆಳಗೆ ನನ್ನ ಹೆಸರು ಬರಲ್ಲ ಸಾರ್. ಪಕ್ಕದ ಮೇಜು ನೋಡಿದ್ಯಾ? ನೋಡದೆ ಏನು, ಹಿಂದೊಮ್ಮೆ ಹೀಗೇ ಆಗಲ್ಲ ಸಾರ್ ಎಂದು ಕೆಲಸ ಕಳಕೊಂಡವನ ಮೇಜು, ಖಾಲಿ, ಧೂಳು, ಅವನು ಮರೆತು ಹೋದ ಲೋಟ — ಭಯವೇ? ಹೌದು, ಭಯವೇ, ಇರಲಿ, ಅದರ ಪಾಡಿಗೆ ಅದು. ನಿಂಗೇನು ತಲೆ ಕೆಟ್ಟಿದ್ಯಾ, ನಿನ್ನ ಹೆಸರಿಲ್ದೆ ವರದಿ ಹೋಗಲ್ಲ ಗೊತ್ತಲ್ಲ? ಗೊತ್ತು ಸಾರ್, ಹೆಸರು ಬೇಕು ತಾನೇ, ತಗೊಳ್ಳಿ — ಕೆಂಪು ಚಿತ್ರದ ಕೆಳಗೆ ಬರೆದಳು, ಈ ಚಿಪ್ಪು ಮಕ್ಕಳ ತಲೆಗೆ ಆಗದು, ಅದರ ಕೆಳಗೆ ಹೆಸರು, ಪೂರ್ತಿ ಹೆಸರು, ಅಮ್ಮ ಇಟ್ಟದ್ದು, ಕಂಪನಿಯವರಿಗೆ ಕಳಿಸಿಯೇಬಿಟ್ಟಳು, ಆಯ್ತು ಸಾರ್.

ನಾಳೆ ಈ ಮೇಜೂ ಖಾಲಿಯಾಗಬಹುದು, ಆಗಲಿ, ನಾಳೆ ಬೆಳಿಗ್ಗೆಯೂ ತಲೆ ಬಾಚಬೇಕಲ್ಲ, ಬಾಚಣಿಗೆ ಅಲ್ಲಿಗೇ ಬಂದು ನಿಲ್ಲುತ್ತದಲ್ಲ, ಅಮ್ಮಾ ಎಳೀಬೇಡ, ಇಲ್ಲ ಕಣೇ, ಆ ನಾಲ್ಕು ಕೂದಲು, ನಡುವೆ, ಗುಂಡುಸೂಜಿಯ ತಲೆಯಷ್ಟು, ಬಿಳಿ ಚರ್ಮ —